ಸೈಗಾನಿನಿಂದ ಮೆಕಾಂಗ್ ಡೆಲ್ಟಾಕ್ಕೆ ಒಂದು ದಿನ: ಮೊದಲು ನೀರಿನ ವೇಳೆ, ಆಮೇಲೆ ಬಸ್ಸಿನ ವೇಳೆ

ಹೋ ಚಿ ಮಿನ್ ಸಿಟಿಗೆ, ಅಂದರೆ ಹಳೆಯ ಹೆಸರಿನ ಸೈಗಾನಿಗೆ, ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಮೆಕಾಂಗ್ ಡೆಲ್ಟಾಕ್ಕೆಂದು ಒಂದು ದಿನ ಎತ್ತಿಡುತ್ತಾರೆ. ಸಂಜೆ ಹೋಟೆಲಿಗೆ ಮರಳುವಾಗ "ಅಂಗಡಿಯಿಂದ ಅಂಗಡಿಗೆ ಸುತ್ತಿಸಿದರು, ದೋಣಿಯಲ್ಲಿ ಕೂತದ್ದು ಹತ್ತೇ ನಿಮಿಷ" ಎಂದು ಬೇಸರಪಡುವವರು ಅವರಲ್ಲಿ ಬಹಳ. ಈ ಬೇಸರಕ್ಕೆ ಕಾರಣ ಸಾಮಾನ್ಯವಾಗಿ ಎರಡೇ: ಒಂದು ದಿನಕ್ಕೆ ಹೊಂದದ ಊರನ್ನು ಆರಿಸಿಕೊಂಡಿರುತ್ತಾರೆ, ಇಲ್ಲವೇ ಕಾಲುವೆಯಲ್ಲಿ ನೀರಿಲ್ಲದ ಹೊತ್ತಿಗೆ ಅಲ್ಲಿ ತಲುಪಿರುತ್ತಾರೆ. ಎರಡನ್ನೂ ಹಿಂದಿನ ರಾತ್ರಿಯೇ ಕೂತು ಸರಿಪಡಿಸಿಕೊಳ್ಳಬಹುದು.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟುವ ಮೆಕಾಂಗ್ ಕಾಂಬೋಡಿಯಾದ ಫ್ನೋಮ್ ಪೆನ್ ಬಳಿ ಎರಡು ಕವಲಾಗುತ್ತದೆ. ವಿಯೆಟ್ನಾಮಿನೊಳಗೆ ಉತ್ತರದ ಕವಲಿನ ಹೆಸರು ತಿಯೆನ್, ದಕ್ಷಿಣದ್ದು ಹಾವ್. ಇವೆರಡೂ ಮತ್ತೆ ಮತ್ತೆ ಒಡೆದು ಸಮುದ್ರ ಸೇರುವ ನೆಲವೇ ಡೆಲ್ಟಾ. ವಿಸ್ತೀರ್ಣ ಸುಮಾರು 40,000 ಚದರ ಕಿಲೋಮೀಟರ್. ದೇಶದ ಅರ್ಧಕ್ಕಿಂತ ಹೆಚ್ಚು ಭತ್ತ ಬೆಳೆಯುವುದು ಇಲ್ಲೇ. ಇಷ್ಟು ದೊಡ್ಡ ಪ್ರದೇಶವನ್ನು ಒಂದು ದಿನದಲ್ಲಿ "ನೋಡಿ ಮುಗಿಸುವ" ಆಸೆ ಬಿಡಿ. ಒಂದು ಕವಲು, ಅದರ ಒಂದೆರಡು ಕಾಲುವೆ, ದಡದ ಒಂದು ಹಳ್ಳಿ ಸಾಕು. ಅಷ್ಟನ್ನು ನಿಧಾನವಾಗಿ ನೋಡಿದರೆ ದಿನ ತುಂಬುತ್ತದೆ.

ಯಾವ ಊರು

ಒಂದು ದಿನಕ್ಕೆ ಸರಿಹೋಗುವ ಊರುಗಳು ಮಿ ಥೋ ಮತ್ತು ಬೆನ್ ತ್ರೆ. ಮಿ ಥೋ ನಗರದಿಂದ ಸುಮಾರು 70 ಕಿ.ಮೀ., ತಿಯೆನ್ ನದಿಯ ಉತ್ತರ ದಡದಲ್ಲಿದೆ. ನದಿ ದಾಟಿದರೆ ಬೆನ್ ತ್ರೆ, ಅಲ್ಲಿಗೆ ಸುಮಾರು 85 ಕಿ.ಮೀ. ಮಧ್ಯದಲ್ಲಿ 2009ರಲ್ಲಿ ತೆರೆದ ರಾಕ್ ಮಿಯೂ ಸೇತುವೆಯಿದೆ. ಅದಕ್ಕಿಂತ ಮುಂಚೆ ಎಲ್ಲರೂ ಫೆರ್ರಿಗೆ ಕಾಯಬೇಕಿತ್ತು. 2025ರಲ್ಲಿ ಎರಡನೇ ಸೇತುವೆಯೂ ಸೇರಿಕೊಂಡಿದೆ.

ಕಾನ್ ಥೋ ಊರಿನ ಕಾಯ್ ರಾಂಗ್ ತೇಲುವ ಮಾರುಕಟ್ಟೆಯ ಫೋಟೋ ನೋಡಿ ಅಲ್ಲಿಗೇ ಹೋಗಬೇಕೆನ್ನುವವರಿಗೆ ಒಂದು ಮಾತು. ಕಾನ್ ಥೋ ಸುಮಾರು 165 ಕಿ.ಮೀ. ದೂರ, ಮೂರೂವರೆ ಗಂಟೆಯ ದಾರಿ. ಮಾರುಕಟ್ಟೆ ಕಳೆಗಟ್ಟುವುದು ಬೆಳಗಿನ ಐದರಿಂದ ಏಳರ ನಡುವೆ. ಬೆಳಿಗ್ಗೆ ಏಳಕ್ಕೆ ಸೈಗಾನಿನಿಂದ ಹೊರಡುವ ಯಾವ ಬಸ್ಸೂ ಅದನ್ನು ತೋರಿಸಲಾರದು. ಅದನ್ನು ನೋಡಲೇಬೇಕಿದ್ದರೆ ಒಂದು ರಾತ್ರಿ ಕಾನ್ ಥೋದಲ್ಲೇ ತಂಗಿ. ಇನ್ನು "ಕಾಯ್ ಬೆ ತೇಲುವ ಮಾರುಕಟ್ಟೆ" ಎಂದು ಒಂದು ದಿನದ ಟೂರ್ ಮಾರುವವರೂ ಇದ್ದಾರೆ. ರಸ್ತೆ, ಸೇತುವೆ ಆದಮೇಲೆ ಸರಕೆಲ್ಲ ಲಾರಿ ಹತ್ತಿತು, ಕಾಯ್ ಬೆ ಮಾರುಕಟ್ಟೆ ಹೆಚ್ಚುಕಡಿಮೆ ಕರಗಿಹೋಗಿದೆ. ಅದರ ಹೆಸರು ನೋಡಿ ದುಡ್ಡು ಕಟ್ಟಬೇಡಿ.

ಮಿ ಥೋ, ಬೆನ್ ತ್ರೆಗಳಲ್ಲಿ ಯಾವುದು? ಮೊದಲ ಸಲ ಹೋಗುವವರು, ಸಣ್ಣ ಮಕ್ಕಳು ಅಥವಾ ವಯಸ್ಸಾದವರು ಜೊತೆಗಿರುವವರು ಮಿ ಥೋ ಆರಿಸಿಕೊಳ್ಳಲಿ. ಅಲ್ಲಿ ಸರಿಯಾದ ಪ್ರವಾಸಿ ದೋಣಿಕಟ್ಟೆ ಇದೆ, ಶೌಚಾಲಯ ಇದೆ, ದೂರ ಕಡಿಮೆ. ಆದರೆ ಗುಂಪು ಗುಂಪಾಗಿ ಜನ ಬರುವುದೂ ಅಲ್ಲಿಗೇ. ಸ್ವಲ್ಪ ಓಡಾಟಕ್ಕೆ ತಯಾರಿದ್ದರೆ ಬೆನ್ ತ್ರೆ ಒಳ್ಳೆಯದು. ಇಡೀ ಸೀಮೆಯೇ ತೆಂಗಿನ ತೋಟ. ಅಲ್ಲಿನ ದೋಣಿ ಓಡಾಟದ ಬಹುಪಾಲು ಜನರ ದಿನದ ಕೆಲಸದ ನಡುವೆಯೇ ಸಾಗುತ್ತದೆ.

ಹೆಸರುಗಳ ಗೊಂದಲವೊಂದಿದೆ. 2025ರ ಜುಲೈ 1ರಿಂದ ಪ್ರಾಂತ್ಯಗಳನ್ನು ಕೂಡಿಸಿದ್ದಾರೆ. ಮಿ ಥೋ ಇದ್ದ ತಿಯೆನ್ ಜಾಂಗ್ ಪ್ರಾಂತ್ಯ ಈಗ ದೋಂಗ್ ಥಾಪ್‌ನ ಭಾಗ. ಬೆನ್ ತ್ರೆ ಈಗ ವಿನ್ ಲೋಂಗ್ ಪ್ರಾಂತ್ಯದೊಳಗೆ. ಫೋನಿನ ನಕ್ಷೆಯಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ. ಜನ, ಬಸ್ಸಿನವರು, ದೋಣಿಯವರು ಹಳೆಯ ಹೆಸರನ್ನೇ ಬಳಸುತ್ತಾರೆ. ಹಾಗೆಯೇ ಟೂರ್ ಪಟ್ಟಿಯಲ್ಲಿ "ಬೆನ್ ತ್ರೆ" ಎಂದಿದ್ದರೆ ಬಹಳಷ್ಟು ಸಲ ಅದು ಬೆನ್ ತ್ರೆ ಪಟ್ಟಣವಲ್ಲ, ಮಿ ಥೋದ ಎದುರು ದಡವಷ್ಟೇ. ಯಾವ ಜಾಗ ಎಂದು ಕೇಳಿ ತಿಳಿದುಕೊಳ್ಳಿ.

ಉಬ್ಬರ-ಇಳಿತದ ಲೆಕ್ಕ

ಟೂರ್ ಮಾರುವವರು ಹೇಳದ, ಆದರೆ ದಿನ ಗೆಲ್ಲಿಸುವ ಅಥವಾ ಕೆಡಿಸುವ ಸಂಗತಿ ಇದು. ಡೆಲ್ಟಾದ ನೆಲ ಸಮುದ್ರಮಟ್ಟಕ್ಕಿಂತ ಸರಾಸರಿ ಒಂದು ಮೀಟರ್ ಕೂಡ ಮೇಲಿಲ್ಲ. ಹಾಗಾಗಿ ಸಮುದ್ರದ ಉಬ್ಬರ ನದಿಯೊಳಗೆ ಬಹಳ ದೂರ ಬರುತ್ತದೆ. ಕಡಲಿನಿಂದ ಸುಮಾರು 50 ಕಿ.ಮೀ. ಒಳಗಿರುವ ಮಿ ಥೋದಲ್ಲೂ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಎರಡೂ ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ, ಒಂದು ದೊಡ್ಡದು, ಒಂದು ಚಿಕ್ಕದು.

ದೊಡ್ಡ ನದಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಕಾಲುವೆಯಲ್ಲಿ ಮಾತ್ರ ಎಲ್ಲವೂ ಇದರ ಮೇಲೇ ನಿಂತಿದೆ. ನೀಪಾ ತಾಳೆಯ ಗರಿಗಳು ಎರಡೂ ಕಡೆಯಿಂದ ಬಾಗಿ ಚಪ್ಪರ ಕಟ್ಟಿದ ಕಿರುಕಾಲುವೆಯಲ್ಲಿ ಉಬ್ಬರವಿದ್ದಾಗ ಕೂತಲ್ಲಿಂದ ಕೈ ಚಾಚಿದರೆ ಗರಿ ಸಿಗುತ್ತದೆ. ಪೂರ್ತಿ ಇಳಿತದಲ್ಲಿ ಅದೇ ಕಾಲುವೆ ಕೆಸರಿನ ಗುಂಡಿ. ದೋಣಿಯ ತಳ ಮಣ್ಣಿಗೆ ತಾಗುತ್ತದೆ, ಮೋಟಾರಿನ ಉದ್ದ ದಂಡದ ತುದಿಯ ರೆಕ್ಕೆ ಕೆಸರು ಎರಚುತ್ತದೆ, ಹತ್ತಿ ಇಳಿಯುವ ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ಆಗ ದೋಣಿಯವರು ಕಾಲುವೆಯನ್ನು ಕೈಬಿಟ್ಟು, ಉಳಿದ ಹೊತ್ತನ್ನು ಅಂಗಡಿಗಳಲ್ಲಿ ಕಳೆಸುತ್ತಾರೆ. ಹತ್ತು ನಿಮಿಷದ ದೋಣಿಯ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಮಾಡಬೇಕಾದ್ದು ಇಷ್ಟು. ಫೋನಿನಲ್ಲಿ ಉಬ್ಬರ-ಇಳಿತದ ಪಟ್ಟಿ ತೋರಿಸುವ ಆ್ಯಪ್ ಅಥವಾ ಜಾಲತಾಣ ತೆರೆದು ಮಿ ಥೋ ಎಂಬ ಜಾಗವನ್ನೇ ಹುಡುಕಿ. ಕಡಲತೀರದ ವುಂಗ್ ತಾವ್ ಪಟ್ಟಿ ಸುಲಭವಾಗಿ ಸಿಗುತ್ತದೆ, ಅದನ್ನು ಹಾಗೇ ಬಳಸಬೇಡಿ. ಉಬ್ಬರ ನದಿಯೊಳಗೆ ಹತ್ತಿ ಬರಲು ಕೆಲವು ಗಂಟೆ ಹಿಡಿಯುತ್ತದೆ. ಮಿ ಥೋದ ನೀರು ಅತಿ ಎತ್ತರದಲ್ಲಿರುವ ಹೊತ್ತನ್ನು ಬರೆದುಕೊಳ್ಳಿ. ಅದರ ಹಿಂದಿನ ಎರಡು, ಮುಂದಿನ ಎರಡು ಗಂಟೆಯೊಳಗೆ ಕಿರುಕಾಲುವೆಯಲ್ಲಿರಬೇಕು. ಈ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಸೈಗಾನಿನಲ್ಲಿ ಮೂರ್ನಾಲ್ಕು ದಿನ ಇರುವವರು ಯಾವ ದಿನದ ಉಬ್ಬರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಬರುತ್ತದೆಂದು ನೋಡಿ, ಆ ದಿನವನ್ನೇ ಡೆಲ್ಟಾಕ್ಕೆ ಇಡಲಿ, ಮ್ಯೂಸಿಯಂಗಳನ್ನು ಉಳಿದ ದಿನಗಳಿಗೆ ತಳ್ಳಲಿ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಉಬ್ಬರ ಹೆಚ್ಚು ಎತ್ತರಕ್ಕೆ ಬರುತ್ತದೆ, ಇಳಿತದಲ್ಲಿ ಕಾಲುವೆ ಇನ್ನಷ್ಟು ಬರಿದಾಗುತ್ತದೆ. ಆ ದಿನಗಳಲ್ಲಿ ಹೊತ್ತು ತಪ್ಪಿಸಿಕೊಂಡರೆ ಪೂರ್ತಿ ನಷ್ಟ. ಅಷ್ಟಮಿಯ ಸುತ್ತಮುತ್ತ ವ್ಯತ್ಯಾಸ ಕಡಿಮೆ, ಒಂದು ಗಂಟೆ ಹಿಂದುಮುಂದಾದರೂ ನಡೆಯುತ್ತದೆ.

ಇಳಿತ ನಡುಹಗಲಿಗೇ ಬಂದು, ದಿನ ಬದಲಿಸಲೂ ಆಗದಿದ್ದರೆ? ಬೆನ್ ತ್ರೆ ಪಟ್ಟಣದಿಂದ ಹಾಮ್ ಲುವೊಂಗ್ ನದಿಯ ಕಡೆಗೆ ಹೋಗುವ ದೊಡ್ಡ ದೋಣಿಯ ದಾರಿ ಹಿಡಿಯಿರಿ. ಅಲ್ಲಿ ಆಳವಿದೆ. ಇಲ್ಲವೇ ಕ್ರಮ ತಿರುಗಿಸಿ: ಬೆಳಿಗ್ಗೆ ದೇವಸ್ಥಾನ, ಊಟ, ಸೈಕಲ್, ಮೂರು ಗಂಟೆಯ ಮೇಲೆ ಕಾಲುವೆ.

ಟೂರ್ ಹಿಡಿಯುವುದೋ, ಸ್ವಂತ ಹೋಗುವುದೋ

ಗುಂಪು ಟೂರ್ ಅಗ್ಗ. ಸಾಮಾನ್ಯವಾಗಿ ತಲೆಗೆ ನಾಲ್ಕರಿಂದ ಎಂಟು ಲಕ್ಷ ಡಾಂಗ್ (ವಿಯೆಟ್ನಾಮಿನ ಹಣ) ನಡುವೆ, ಬಸ್ಸು, ದೋಣಿ, ಊಟ ಎಲ್ಲ ಸೇರಿ. ಬೆಳಿಗ್ಗೆ ಏಳೂವರೆ-ಎಂಟಕ್ಕೆ ಹೊರಟು ಸಂಜೆ ಐದು-ಆರಕ್ಕೆ ಮರಳುತ್ತದೆ. ಬುಕ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು: ಗುಂಪಿನಲ್ಲಿ ಎಷ್ಟು ಜನ? ಹುಟ್ಟು ಹಾಕುವ ಕಿರುದೋಣಿಯಲ್ಲಿ ಎಷ್ಟು ನಿಮಿಷ? ಎಷ್ಟು ಕಡೆ "ವರ್ಕ್‌ಶಾಪ್" ನಿಲುಗಡೆ? ಸಸ್ಯಾಹಾರ ಬೇರೆ ಮಾಡುತ್ತಾರೋ? ಆ ದಿನ ಕಾಲುವೆಯಲ್ಲಿ ನೀರು ಎಷ್ಟು ಹೊತ್ತಿಗೆ? ಕೊನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರು ನದಿಯನ್ನು ಬಲ್ಲವರು, ಅವರನ್ನು ನಂಬಬಹುದು.

ನಾಲ್ವರಿದ್ದರೆ ಡ್ರೈವರ್ ಸಮೇತ ಕಾರು ಹಿಡಿಯುವುದೇ ಸುಖ. ಉಬ್ಬರಕ್ಕೆ ಸರಿಯಾಗಿ ಹೊರಡಬಹುದು. ಬಾಡಿಗೆ ಬೈಕಿನಲ್ಲಿ ಹೋಗುವ ಯೋಚನೆ ಬೇಡ. 2010ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ. ಹಳೆಯ ಹೆದ್ದಾರಿ 1ರಲ್ಲಿ ಲಾರಿಗಳ ನಡುವೆ ಹೋಗಿ ಬರುವಷ್ಟರಲ್ಲಿ ದಿನದ ಕಸುವೆಲ್ಲ ರಸ್ತೆಗೇ ಹೋಗುತ್ತದೆ.

ಬಸ್ಸಿನಲ್ಲಿ ಹೋಗುವವರು ಮಿಯೆನ್ ತೈ ಬಸ್ ನಿಲ್ದಾಣಕ್ಕೆ ಹೋಗಬೇಕು. ನಗರದ ನಡುವಿನಿಂದ ಸುಮಾರು 10 ಕಿ.ಮೀ. ಪಶ್ಚಿಮಕ್ಕಿದೆ. ಬೆಳಗಿನ ಆರರೊಳಗೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಹಿಡಿದರೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಏಳೂವರೆಗೆ ಹೊರಟರೆ ಅದೇ ದಾರಿ ಎರಡರಷ್ಟು ಹೊತ್ತು ತಿನ್ನುತ್ತದೆ. ಗೇಟಿನ ಹೊರಗೆ ಕೈ ಹಿಡಿದು ಕರೆಯುವವರನ್ನು ದಾಟಿ ಒಳಗೆ ಹೋಗಿ, ಊರಿನ ಹೆಸರು ಬರೆದಿರುವ ಕೌಂಟರಿನಲ್ಲೇ ಟಿಕೆಟ್ ತೆಗೆದುಕೊಳ್ಳಿ. ದರ ಒಂದು ಲಕ್ಷ ಡಾಂಗಿನ ಆಸುಪಾಸು. ಮಿ ಥೋಗೆ ಒಂದೂವರೆ ಗಂಟೆ, ಬೆನ್ ತ್ರೆಗೆ ಎರಡು ಗಂಟೆ. ಎರಡೂ ಊರುಗಳಲ್ಲಿ ಬಸ್ ನಿಲ್ದಾಣ ನದಿ ದಡದಲ್ಲಿಲ್ಲ, ಅಲ್ಲಿಂದ ಟ್ಯಾಕ್ಸಿ ಬೇಕು. ಆ್ಯಪ್ ಟ್ಯಾಕ್ಸಿ ನಗರದಷ್ಟು ಸಲೀಸಾಗಿ ಸಿಗದು, ಮೀಟರ್ ಟ್ಯಾಕ್ಸಿ ಸಿಗುತ್ತದೆ. ಕೆಲವು ಬಸ್ ಕಂಪನಿಗಳು ತಮ್ಮದೇ ಸಣ್ಣ ವ್ಯಾನಿನಲ್ಲಿ ಊರೊಳಗೆ ಬಿಡುತ್ತವೆ. ಟಿಕೆಟ್ ತೆಗೆಯುವಾಗಲೇ ಕೇಳಿ. ಇಳಿದ ಕೂಡಲೇ ಮರಳುವ ಟಿಕೆಟ್ ಮಾಡಿಸಿ, ಕೊನೆಯ ಬಸ್ ಎಷ್ಟಕ್ಕೆಂದು ಕೇಳಿಕೊಳ್ಳಿ.

ದೋಣಿ ಗೊತ್ತು ಮಾಡುವುದು

ಮಿ ಥೋದ ದೋಣಿಕಟ್ಟೆ 30 ಏಪ್ರಿಲ್ ರಸ್ತೆಯಲ್ಲಿದೆ, ನದಿಯ ಅಂಚಿನಲ್ಲೇ. ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾರೆ. ಬೆನ್ ತ್ರೆ ಪಟ್ಟಣದಲ್ಲಿ ಹಾಗೆ ಸಾಲುಸಾಲು ಕೌಂಟರುಗಳಿಲ್ಲ. ಅಲ್ಲಿನ ಹೋಂಸ್ಟೇ ಅಥವಾ ದೋಣಿಯವರಿಗೆ ಹಿಂದಿನ ದಿನವೇ ಸಂದೇಶ ಕಳಿಸಬೇಕು. ವಿಯೆಟ್ನಾಮಿನಲ್ಲಿ ಎಲ್ಲರೂ ಬಳಸುವುದು ಜಾಲೋ ಎಂಬ ಆ್ಯಪ್, ಅದನ್ನು ಮೊದಲೇ ಹಾಕಿಕೊಂಡಿರಿ.

ಬಾಡಿಗೆ ಮಾತಾಡುವಾಗ ಮೂರು ವಿಷಯ ಕಾಗದದ ಮೇಲೆ ಬರೆಸಿಕೊಳ್ಳಿ: ಪೂರ್ತಿ ದೋಣಿಗೋ ತಲೆಗೋ, ಎಷ್ಟು ಗಂಟೆ, ಕಿರುದೋಣಿಯ ದುಡ್ಡು ಅದರಲ್ಲೇ ಸೇರಿದೆಯೋ. ಮೂರನೆಯದನ್ನು ಕೇಳದೆ ಹೋದರೆ ಕಾಲುವೆಯ ಬಾಯಲ್ಲಿ ಮತ್ತೊಮ್ಮೆ ದುಡ್ಡು ಕೊಡಬೇಕಾಗುತ್ತದೆ. ದುಡ್ಡನ್ನು ಮರಳಿದ ಮೇಲೆ ಕೊಡಿ. ನೋಟುಗಳ ಬಗ್ಗೆ ಎಚ್ಚರ: 20,000ದ ನೋಟೂ 5,00,000ದ ನೋಟೂ ಎರಡೂ ನೀಲಿ ಛಾಯೆಯವು. ದೋಣಿಯ ನೆರಳಿನಲ್ಲಿ, ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಕೈಬಿಟ್ಟುಹೋಗುವುದು ತೀರಾ ಸಾಮಾನ್ಯ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಹಳ್ಳಿಯಲ್ಲಿ ಚಿಲ್ಲರೆ ಸಿಗುವುದಿಲ್ಲ, 10,000, 20,000, 50,000ದ ನೋಟು ಸಾಕಷ್ಟಿರಲಿ.

ಹತ್ತುವ ಮುಂಚೆ ಲೈಫ್ ಜಾಕೆಟ್ ಎಷ್ಟಿವೆ ಎಣಿಸಿ. ಆಸನದ ಕೆಳಗೆ ಕಟ್ಟಿಟ್ಟಿದ್ದರೆ ಬಿಚ್ಚಿಸಿ ಹಾಕಿಕೊಳ್ಳಿ. ತಿಯೆನ್ ನದಿ ಮಿ ಥೋ ಎದುರು ಬಹಳ ಅಗಲ. ನೀರು ಅಂಚಿಗೆ ಮುಟ್ಟುವಷ್ಟು ಮರಳು ತುಂಬಿದ ಬಾರ್ಜುಗಳು ನಡುವೆ ಓಡಾಡುತ್ತವೆ, ಅವು ಎಬ್ಬಿಸುವ ಅಲೆ ಸಣ್ಣ ದೋಣಿಯನ್ನು ಚೆನ್ನಾಗಿ ತೂಗುತ್ತದೆ.

ನೀರಿನ ಮೇಲೆ, ದಡದಲ್ಲಿ

ಮಿ ಥೋ ಎದುರು ನಾಲ್ಕು ದ್ವೀಪಗಳಿವೆ, ಡ್ರ್ಯಾಗನ್, ಯೂನಿಕಾರ್ನ್, ಆಮೆ, ಫೀನಿಕ್ಸ್ ಎಂದು ಕರೆಯುತ್ತಾರೆ. ಟೂರುಗಳು ನಾಲ್ಕರ ಹೆಸರನ್ನೂ ಹೇಳುತ್ತವೆ, ಇಳಿಸುವುದು ಒಂದೆರಡರಲ್ಲಿ. ಯೂನಿಕಾರ್ನ್, ಅಂದರೆ ಥೋಯ್ ಸೋನ್, ದೊಡ್ಡದು. ಹಣ್ಣಿನ ತೋಟ, ಜೇನು, ಕಿರುಕಾಲುವೆ ಎಲ್ಲ ಅಲ್ಲಿವೆ. ಹಣ್ಣು ತಿನ್ನಿಸುವಾಗ ಹಾಡುವವರು ಬಂದು ಹಾಡುತ್ತಾರೆ. ಅದು ದೋನ್ ಕಾ ತಾಯ್ ತೂ, ದಕ್ಷಿಣದ ಜನರ ಸಂಗೀತ, 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದೆ. ಎರಡು ಹಾಡಿನಲ್ಲಿ ಮುಗಿಸಿಬಿಡುತ್ತಾರೆ. ಇನ್ನೊಂದು ಹಾಡಿಸಿ, ತಟ್ಟೆಗೆ ದುಡ್ಡು ಹಾಕಿ. ಫೀನಿಕ್ಸ್ ದ್ವೀಪದಲ್ಲಿ ತೆಂಗಿನ ಸನ್ಯಾಸಿ ಎಂದೇ ಹೆಸರಾದ ನುಯೆನ್ ಥಾನ್ ನಾಮ್ ಅವರ ಆಶ್ರಮದ ಉಳಿಕೆಗಳಿವೆ. ಫ್ರಾನ್ಸಿನಲ್ಲಿ ಓದಿ ಬಂದು ತೆಂಗಿನಕಾಯಿ ತಿಂದೇ ಬದುಕಿದರೆಂದು ಹೇಳುವ ಈ ವ್ಯಕ್ತಿ ಯುದ್ಧದ ನಡುವೆ ಶಾಂತಿಯನ್ನು ಬೋಧಿಸಿದವರು. ಡ್ರ್ಯಾಗನ್ ಸುತ್ತಿದ ಕಂಬಗಳ ಅಂಗಳವನ್ನು ನೋಡಲು ಅರ್ಧ ಗಂಟೆ ಸಾಕು.

ದೋಣಿಗಳ ಮೂತಿ ಗಮನಿಸಿ: ಕೆಂಪು ಬಣ್ಣ, ಎರಡೂ ಬದಿಗೆ ಬಿಡಿಸಿದ ಕಣ್ಣು. ಡೆಲ್ಟಾದ ಹಳೆಯ ರೂಢಿ ಇದು.

ತೆಂಗಿನ ಮಿಠಾಯಿಯ ಕಾರ್ಖಾನೆಯನ್ನು ಎಲ್ಲರೂ ತೋರಿಸುತ್ತಾರೆ. ಪ್ರವಾಸಿಗರಿಗೆಂದೇ ಇಟ್ಟ ಮೇಜಿನ ಮುಂದೆ ನಿಲ್ಲದೆ ಹಿಂದಿನ ಒಲೆಯ ಕಡೆ ಹೋಗಿ ನೋಡಿ. ತುರಿದ ಕಾಯನ್ನು ಹಿಂಡಿ ತೆಗೆದ ಗಟ್ಟಿ ಹಾಲಿಗೆ ಸಕ್ಕರೆ, ಮೊಳಕೆ ಧಾನ್ಯದಿಂದ ಮಾಡಿದ ಮಾಲ್ಟ್ ಪಾಕ ಸೇರಿಸಿ ದೊಡ್ಡ ಬಾಣಲೆಯಲ್ಲಿ ಕಾಯಿಸುತ್ತಾರೆ. ಮಗುಚುವುದು ನಿಂತರೆ ತಳ ಹಿಡಿಯುತ್ತದೆ. ಪಾಕ ಕಂದು ಬಣ್ಣಕ್ಕೆ ತಿರುಗಿ ಬಾಣಲೆ ಬಿಡತೊಡಗಿದಾಗ ಎಣ್ಣೆ ಸವರಿದ ಅಚ್ಚಿಗೆ ಸುರಿದು ಉದ್ದುದ್ದ ಪಟ್ಟಿ ಮಾಡುತ್ತಾರೆ. ಪೂರ್ತಿ ಆರುವ ಮುಂಚೆ ಕತ್ತರಿಸಬೇಕು, ಆಮೇಲೆ ಕತ್ತಿ ಇಳಿಯದು. ಪ್ರತಿ ತುಂಡಿಗೂ ಮೊದಲು ತೆಳ್ಳನೆಯ ಅಕ್ಕಿ ಹಾಳೆ, ಮೇಲೆ ಕಾಗದ. ಅಕ್ಕಿ ಹಾಳೆಯನ್ನು ಬಿಡಿಸಲು ಹೋಗಬೇಡಿ, ಅದು ತಿನ್ನುವುದಕ್ಕೇ ಇರುವುದು. ಒಂದೊಂದು ಬಗೆಯನ್ನೂ ರುಚಿ ನೋಡಿಯೇ ಕೊಳ್ಳಿ. ದುರಿಯನ್ ಹಣ್ಣು ಸೇರಿಸಿದ್ದಕ್ಕೆ ವಾಸನೆ ಜೋರು, ಅದನ್ನು ಬೇರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿ.

ಕೊರಳಿಗೆ ಹೆಬ್ಬಾವು ಹಾಕಿ ಫೋಟೋ ತೆಗೆಸುತ್ತೇವೆನ್ನುವವರಿಗೆ ಬೇಡವೆನ್ನಿ. ಹಾವು ಮುಳುಗಿಸಿದ ಮದ್ಯವನ್ನೂ ಕೊಳ್ಳಬೇಡಿ. ಆ ಪ್ರಾಣಿಗಳ ಸ್ಥಿತಿ ಹತ್ತಿರದಿಂದ ನೋಡುವಂಥದ್ದಲ್ಲ, ಬಾಟಲಿ ನಿಮ್ಮ ದೇಶದ ಕಸ್ಟಮ್ಸ್ ದಾಟುವುದೂ ಅನುಮಾನ.

ಬೆನ್ ತ್ರೆಯ ಕಾಲುವೆ ದಡದಲ್ಲಿ ತೆಂಗಿನದೇ ಕಾರುಬಾರು. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ ಒಂದೆರಡು ತಿರುವಿಗೆ ಸಿಪ್ಪೆ ಬಿಡಿಸುವವರು, ಮನೆಯೆತ್ತರದ ಸಿಪ್ಪೆಯ ರಾಶಿ, ನಾರು ತೆಗೆಯುವ ಯಂತ್ರ, ಚಿಪ್ಪು ಸುಟ್ಟು ಇದ್ದಿಲು ಮಾಡುವ ಗೂಡು. ಏನನ್ನೂ ಬಿಸಾಡುವುದಿಲ್ಲ. ದೋಣಿಯವರಿಗೆ "ಇಲ್ಲಿ ನಿಲ್ಲಿಸಿ" ಎಂದು ಕೈಸನ್ನೆ ಮಾಡಿದರೆ ನಿಲ್ಲಿಸುತ್ತಾರೆ, ಕೆಲಸದವರೂ ಬೇಡವೆನ್ನುವುದಿಲ್ಲ. ಕಣ್ಣಿಗೆ ನಾರಿನ ಧೂಳು ಬೀಳದಂತೆ ಗಾಳಿಯ ಮೇಲ್ಬದಿಗೆ ನಿಲ್ಲಿ.

ಮಿ ಥೋದಲ್ಲಿ ಹೊತ್ತು ಉಳಿದರೆ ವಿನ್ ತ್ರಾಂಗ್ ಪಗೋಡಕ್ಕೆ ಹೋಗಿ. 19ನೇ ಶತಮಾನದ ಈ ದೇವಾಲಯದ ಮುಖಮಂಟಪದಲ್ಲಿ ಒಡೆದ ಪಿಂಗಾಣಿ ಚೂರುಗಳಿಂದ ಮಾಡಿದ ಕುಸುರಿ ಇದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು.

ಊಟ

ಇಲ್ಲಿನ ಹೆಸರಾಂತ ಊಟ ಇಡಿಯಾಗಿ ಕರಿದು ತಟ್ಟೆಯಲ್ಲಿ ನಿಲ್ಲಿಸಿ ತರುವ ಆನೆಕಿವಿ ಮೀನು. ಮಾಂಸವನ್ನು ಸೊಪ್ಪಿನ ಜೊತೆ ಅಕ್ಕಿ ಹಾಳೆಯಲ್ಲಿ ಸುತ್ತಿ ತಿನ್ನುತ್ತಾರೆ.

ಸಸ್ಯಾಹಾರಿಗಳು "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ತರಕಾರಿಗೂ ಮೀನಿನ ಸಾಸ್ ಬೀಳುತ್ತದೆ, ನೂಡಲ್ಸಿನ ಸಾರು ಮೂಳೆಯದು. "ಆನ್ ಚಾಯ್" ಎನ್ನಿ. ಬೌದ್ಧರ ಸಸ್ಯಾಹಾರ ಎಂದು ಎಲ್ಲರಿಗೂ ತಿಳಿಯುತ್ತದೆ, ಮೀನಿನ ಸಾಸ್ ಕೂಡ ಹಾಕುವುದಿಲ್ಲ. "ಕೋಮ್ ಚಾಯ್" ಬೋರ್ಡಿನ ಸಣ್ಣ ಹೋಟೆಲುಗಳು ಎರಡೂ ಊರಲ್ಲಿವೆ. ಅಲ್ಲಿ ಮಾಂಸದಂತೆಯೇ ಕಾಣುವುದು ಸೋಯಾ ಅಥವಾ ಗೋಧಿಯದು. ಚಾಂದ್ರಮಾನದ ಮೊದಲ ಮತ್ತು 15ನೇ ದಿನ ಅಲ್ಲಿನವರೇ ಸಸ್ಯಾಹಾರ ಹಿಡಿಯುವುದರಿಂದ ಆ ದಿನಗಳಲ್ಲಿ ಆಯ್ಕೆ ಹೆಚ್ಚು. ಟೂರಿನಲ್ಲಿ ಹೋಗುವವರು ಬುಕ್ ಮಾಡುವಾಗಲೂ, ಬಸ್ ಹತ್ತಿದ ಮೇಲೆ ಗೈಡಿಗೂ, ಹೀಗೆ ಎರಡು ಸಲ ಹೇಳಿ.

ಯಾವಾಗ, ಏನೇನು ಹೊತ್ತುಕೊಂಡು

ಡಿಸೆಂಬರಿನಿಂದ ಏಪ್ರಿಲ್ ಒಣಗಾಲ, ಮೇ ತಿಂಗಳಿಂದ ನವೆಂಬರ್ ಮಳೆಗಾಲ. ಮಳೆಗೆ ಹೆದರಿ ಬಿಡಬೇಕಿಲ್ಲ. ಬಹುತೇಕ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ. ಮೇ-ಆಗಸ್ಟ್ ನಡುವೆ ರಂಬುಟಾನ್, ಮ್ಯಾಂಗೋಸ್ಟೀನ್, ದುರಿಯನ್, ಲಾಂಗನ್ ಹಣ್ಣುಗಳ ಸುಗ್ಗಿ. ಆಗ ಹೋದವರಿಗೆ ತೋಟದ ನಿಜವಾದ ರುಚಿ ಸಿಗುತ್ತದೆ. ತಪ್ಪಿಸಬೇಕಾದ್ದು ತೆತ್ (ಚಾಂದ್ರಮಾನ ಹೊಸವರ್ಷ) ಹಬ್ಬದ ವಾರ, ಏಪ್ರಿಲ್ 30-ಮೇ 1, ಸೆಪ್ಟೆಂಬರ್ 2ರ ರಜೆ. ನಗರಕ್ಕೆ ನಗರವೇ ಡೆಲ್ಟಾದ ತವರೂರುಗಳಿಗೆ ಹೊರಟಿರುತ್ತದೆ.

ಹಿಂದೆ ಪಟ್ಟಿಯಿರುವ ಚಪ್ಪಲಿ, ಟೊಪ್ಪಿ, ಸೊಳ್ಳೆ ಮುಲಾಮು, ತೆಳ್ಳನೆಯ ಮಳೆಯಂಗಿ, ಫೋನಿಗೆ ನೀರು ಹೋಗದ ಚೀಲ. ಬೂಟು ಬೇಡ, ಕೆಸರು ಮೆತ್ತಿಕೊಂಡರೆ ದಿನವಿಡೀ ಹೊರಬೇಕು. ಕಿರುದೋಣಿಯಲ್ಲಿ ನಾಲ್ವರು ಒಬ್ಬರ ಹಿಂದೊಬ್ಬರು ನಡುವಿನ ಗೆರೆಯಲ್ಲೇ ಕೂರಬೇಕು. ಫೋಟೋಕ್ಕೆಂದು ಇಬ್ಬರು ಒಂದೇ ಕಡೆ ವಾಲಿದರೆ ನೀರು ಒಳಗೆ ಬರುತ್ತದೆ. ಎದುರಿನಿಂದ ಇನ್ನೊಂದು ದೋಣಿ ಬರುವಾಗ ಕೈಗಳನ್ನು ಅಂಚಿನಿಂದ ಒಳಗೆಳೆದುಕೊಳ್ಳಿ, ಬೆರಳು ಜಜ್ಜಿಹೋಗುವುದು ಆಗಲೇ.

ಒಂದು ದಿನದ ಲೆಕ್ಕ

ಉಬ್ಬರ ಹತ್ತೂವರೆಗೆ ಎಂದಿಟ್ಟುಕೊಳ್ಳಿ, ಊರು ಬೆನ್ ತ್ರೆ. 5:45ಕ್ಕೆ ಹೋಟೆಲ್ ಬಿಡಿ, 6:30ರ ಬಸ್, 8:30ಕ್ಕೆ ಇಳಿದು ತಿಂಡಿ. 9:15ಕ್ಕೆ ದೋಣಿ ಹತ್ತಿ ಮೊದಲು ದೊಡ್ಡ ನದಿಯ ದಡದ ತೆಂಗಿನ ಕಾರ್ಖಾನೆಗಳು, 10ರಿಂದ 11:30ರವರೆಗೆ ಕಿರುಕಾಲುವೆ. ಹನ್ನೆರಡಕ್ಕೆ ಊಟ. ಬಿಸಿಲಿನ ಹೊತ್ತು ಜೋಲಿಯಲ್ಲಿ ಮಲಗಿ ಕಳೆಯಿರಿ, ಅಲ್ಲಿನವರೂ ಅದನ್ನೇ ಮಾಡುತ್ತಾರೆ. 1:30ರ ಮೇಲೆ ತೋಟದ ನಡುವಿನ ಕಾಂಕ್ರೀಟ್ ಹಾದಿಯಲ್ಲಿ ಸೈಕಲ್. ಹಾದಿ ಕಿರಿದು, ಕಿರುಸೇತುವೆಗಳಿಗೆ ಕಟಕಟೆ ಇರುವುದಿಲ್ಲ. ಇಳಿದು ತಳ್ಳಿಕೊಂಡು ದಾಟಿ. ಮೂರಕ್ಕೆ ಬಸ್.

ಭಾನುವಾರವಾಗಿದ್ದರೆ ಎರಡಕ್ಕೇ ಹೊರಡಿ. ವಾರಾಂತ್ಯಕ್ಕೆ ಊರಿಗೆ ಹೋದವರೆಲ್ಲ ನಾಲ್ಕರ ನಂತರ ಒಟ್ಟಿಗೆ ಸೈಗಾನಿಗೆ ಮರಳುತ್ತಾರೆ, ಎರಡು ಗಂಟೆಯ ದಾರಿ ನಾಲ್ಕಕ್ಕೆ ಎಳೆಯಬಹುದು. ಆದ್ದರಿಂದ ಅದೇ ರಾತ್ರಿಗೆ ವಿಮಾನದ ಟಿಕೆಟ್ ಇಟ್ಟುಕೊಳ್ಳಬೇಡಿ. ಮಿಯೆನ್ ತೈ ನಿಲ್ದಾಣದಲ್ಲಿ ಇಳಿದಾಗ ಒಳಗೇ ನಿಂತು ಗ್ರ್ಯಾಬ್ ಕರೆಯುವ ಬದಲು ಮುಖ್ಯದ್ವಾರದ ಹೊರಗಿನ ರಸ್ತೆಗೆ ನಡೆದು ಬಂದು ಕರೆಯಿರಿ. ಡ್ರೈವರ್ ನಿಮ್ಮನ್ನು ಬೇಗ ಹುಡುಕುತ್ತಾನೆ.